ಕಂಚಿನ ಚೂರುಗಳು

ಆಕೆಯನ್ನು ಕೆಲಸದ ಕಡೆ ಎಲ್ಲರೂ ಜರಡಿಯಕ್ಕ ಅಂತಲೇ ಕರೆಯುತ್ತಿದ್ದರು. ಸಮುದ್ರದ ನಡುವೆ ನಿಲ್ಲಿಸುವ ದೊಡ್ಡ ಗಾಳಿಯಂತ್ರದ ಗೇರುಪೆಟ್ಟಿಗೆ ಅಲ್ಲಿ ಹೋಗಿ ಕೆಟ್ಟರೆ ರಿಪೇರಿಗೆ ಕ್ರೇನು ಹೊತ್ತ ಹಡಗೇ ಬೇಕು. ಅದಕ್ಕೇ ಹೊಸ ಪೆಟ್ಟಿಗೆಯನ್ನು ಮೊದಲು ಶೆಡ್ಡಿನೊಳಗೆ ಅರವತ್ತು ದಿನ ಬಿಡದೆ ತಿರುಗಿಸಿ ನೋಡುತ್ತಿದ್ದರು. ಅದರ ಎಣ್ಣೆಯ ಫಿಲ್ಟರನ್ನು ದಿನಾ ಬೆಳಿಗ್ಗೆ ಬಿಚ್ಚಿ, ತೊಳೆದು, ಬಿಳಿ ಬಟ್ಟೆಯ ಮೇಲೆ ಉಳಿದ ಲೋಹದ ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡುವುದು ಆಕೆಯ ಕೆಲಸ. ಹತ್ತೊಂಬತ್ತು ವರ್ಷದಿಂದ ಇದೇ. ಎಷ್ಟು ಸೋಪು ಹಾಕಿ ಉಜ್ಜಿದರೂ ಉಗುರಸಂದಿಯ ಕಪ್ಪು ಹೋಗುತ್ತಿರಲಿಲ್ಲ.

ಆ ಸಲ ಬಂದ ಪೆಟ್ಟಿಗೆ ಹೊಸ ಬಗೆಯದು. ಒಳಗೆ ಉರುಳೆಗಳ ಬೇರಿಂಗ್ ಬದಲು ಎಣ್ಣೆಯ ತೆಳುಪದರದ ಮೇಲೆ ಜಾರುವ ಕಂಚಿನ ಬಳೆಗಳು. ನಲವತ್ತನೇ ದಿನ ಬಟ್ಟೆಯ ಮೇಲೆ ಕೆಂಪಗೆ ಮೂರು ಚೂರು ಕಂಡವು. ಮಾರನೇ ದಿನ ಏಳು.

ಎಂಜಿನಿಯರು ಆಕೆಗಿಂತ ಬಹಳ ಚಿಕ್ಕವನು, ನಿದ್ದೆಗೆಟ್ಟ ಮುಖದವನು. "ಸೆನ್ಸರ್ ಏನೂ ಹೇಳ್ತಿಲ್ಲವಲ್ಲ ಅಕ್ಕ. ಶಬ್ದ ಸರಿಯಿದೆ, ಬಿಸಿನೂ ಏರಿಲ್ಲ."

"ಅದೇನು ಹೇಳುತ್ತೋ ನಾ ಕಾಣೆ. ಕಂಚಂತೂ ಎಲ್ಲಿಂದಲೋ ಉದುರ್ತಿದೆ."

"ನಿಲ್ಲಿಸಿದರೆ ಮತ್ತೆ ಒಂದನೇ ದಿನದಿಂದ. ಗೊತ್ತಲ್ಲ?"

"ಗೊತ್ತು."

ನಿಲ್ಲಿಸಿದರು. ಬಿಚ್ಚಲು ಐದು ದಿನ ಹಿಡಿಯಿತು. ಭಾರಕ್ಕೆ ಬಳೆಗಳೊಳಗಿನ ಉಕ್ಕಿನ ದಂಡ ಕೂದಲೆಳೆಯಷ್ಟು ಬಾಗಿ, ಒಂದು ಬಳೆಯ ಅಂಚನ್ನು ತಿಂದುಹಾಕಿತ್ತು. ಆಕೆಯನ್ನು ಯಾರೂ ಬೈಯಲಿಲ್ಲ, ಭೇಷ್ ಅನ್ನಲೂ ಇಲ್ಲ. "ನಿಮ್ಮ ಕಣ್ಣಿಗೊಂದು ಪೊರೆ ಬಂದಿದ್ದರೆ ನಮಗೆಲ್ಲ ರಜೆ ಸಿಗ್ತಿತ್ತು," ಎಂದ ಕ್ಯಾಂಟೀನಿನಲ್ಲಿ ಫಿಟ್ಟರು. ಆಕೆಯೂ ನಕ್ಕಳು.

ಆಕೆಯ ರಜೆಯೂ ಅದರಲ್ಲೇ ಹೋಗಿತ್ತು. ಹುಟ್ಟಿ ತಿಂಗಳೂ ಆಗದ ಮೊಮ್ಮಗಳನ್ನು ನೋಡಲು ಗಂಡನ ಜೊತೆ ಹೊರಡುವುದಿತ್ತು.

"ಮಗಳಿಗೆ ಏನು ಹೇಳಲಿ?" ಎಂದ ಗಂಡ, ಚೀಲ ಕಟ್ಟುತ್ತ.

"ಬಳೆ ಸವೆದಿದೆ ಅನ್ನಿ."

"ಯಾರ ಬಳೆ ಅಂತಾಳೆ." ಅವನೊಬ್ಬನೇ ಹೋಗಿ ಬಂದ.

ದಂಡ ಬಾಗಿದಾಗ ತಾನೂ ತುಸು ಬಾಗುವಂಥ ತೆಳು ಅಂಚಿನ ಬಳೆ ಮಾಡಿಸಲು ಎರಡು ತಿಂಗಳು ಬೇಕಾಯಿತು; ಒಂದೊಂದು ಮಾದರಿ ಬಳೆ ತಿರುಗಿಸಿದಾಗಲೂ ಚೂರು ನೋಡಲು ಆಕೆಯೇ ಬೇಕಿತ್ತು. ಆಮೇಲೆ ಮತ್ತೆ ಅರವತ್ತು ಬೆಳಗು, ಅದೇ ಫಿಲ್ಟರು, ಅದೇ ಬಟ್ಟೆ. ಕೊನೆಯ ದಿನ ಎಂಜಿನಿಯರು ತಾನೇ ಭೂತಗನ್ನಡಿ ಹಿಡಿದು ನೋಡಿದ. ಕಂಚಿನ ಸುಳಿವಿರಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕುಸಿದು ಕೂತ.

"ಮುಂದಿನ ಪೆಟ್ಟಿಗೆ ಇದರ ಒಂದೂವರೆ ಪಟ್ಟು ದೊಡ್ಡದಂತೆ ಅಕ್ಕ. ಸೋಮವಾರ ಬರುತ್ತೆ."

"ಬರಲಿ. ಅಲ್ಲಿಯವರೆಗೆ ನನ್ನ ಕರೀಬೇಡಿ."

ಆ ಮಧ್ಯಾಹ್ನವೇ ಬಸ್ಸು ಹತ್ತಿದಳು. ಮಗಳ ಮನೆಯಲ್ಲಿ ಐದು ತಿಂಗಳ ಮಗು ಈ ಹೊಸ ಮುಖ ಕಂಡು ತಾಯಿಯ ಹೆಗಲಿಗೆ ಮುಖ ಒತ್ತಿಕೊಂಡಿತು. "ಇರಲಿ ಬಿಡು, ಅವಸರವೇನಿಲ್ಲ," ಎಂದು ಆಕೆ ಗೋಡೆಗೊರಗಿ ನೆಲದ ಮೇಲೆ ಕಾಲು ಚಾಚಿದಳು.