ತುಳಸಿಗೆ ನೇಲ್ ಪಾಲಿಶ್

ಮುನಿರ್ಕಾದ ಅಂಗಡಿಯವನಿಗೆ ನಾನೊಂದು ಒಗಟಾಗಿದ್ದೆ. ಬಣ್ಣವಿಲ್ಲದ ನೇಲ್ ಪಾಲಿಶ್ ಶೀಶೆಗಟ್ಟಲೆ ಒಯ್ಯುತ್ತಿದ್ದೆ, ಉಗುರು ಮಾತ್ರ ಸದಾ ಬೋಳು. ಅದೆಲ್ಲ ಎಲೆಗಳಿಗೆ ಎಂದರೆ ನಂಬುತ್ತಿದ್ದನೇ? ಎಲೆಗೆ ಬಳಿದು, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಎಬ್ಬಿಸಿದರೆ ಅದರ ಅಚ್ಚು ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಲೆ ಉಸಿರಾಡುವ ರಂಧ್ರಗಳೆಲ್ಲ ಪುಟ್ಟ ತುಟಿಗಳಂತೆ ಕಾಣುತ್ತವೆ. ನನ್ನ ಪಿಎಚ್‌ಡಿ ಎಂದರೆ ಇಷ್ಟೇ.

ಆ ತುಟಿಗಳು ಒಂದಕ್ಕೊಂದು ತಾಗುವುದಿಲ್ಲ. ರಂಧ್ರವಾಗಲು ಹೊರಟ ಜೀವಕೋಶ ಅಕ್ಕಪಕ್ಕದವಕ್ಕೆ ‘ನೀವು ಸುಮ್ಮನಿರಿ’ ಎಂದು ಸಂದೇಶ ಕಳಿಸುತ್ತದೆ, ಅವು ಸುಮ್ಮನಿರುತ್ತವೆ. ಲ್ಯಾಬಿನ ನನ್ನ ಟ್ರೇಯಲ್ಲಿದ್ದ ಸಾಸಿವೆ ಜಾತಿಯ ಗಿಡಗಳಲ್ಲಿ ಒಂದೇ ಒಂದು ಮಾತ್ರ ಈ ಮಾತು ಕೇಳಿರಲಿಲ್ಲ. ಮೂರು ಮೂರು ರಂಧ್ರ ಒಂದೇ ಕಡೆ! ಕುಣಿಯುತ್ತ ಹೋಗಿ ಗೈಡ್‌ಗೆ ತೋರಿಸಿದೆ. ಅವೆಲ್ಲ ಪಾಲಿಶಿನ ಗುಳ್ಳೆ, ಅಲ್ಲವೆಂದು ಸೋಮವಾರ ತೋರಿಸು, ಇಲ್ಲದಿದ್ದರೆ ಗಿಡ ಎಸೆದು ಬೇರೆ ವಿಷಯ ಹಿಡಿ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಭಾನುವಾರ ಲ್ಯಾಬಿಗೆ ಬೀಗ, ಅದೇ ಶೀಶೆ ಹಿಡಿದು ಕಿದ್ವಾಯಿ ನಗರದ ಚಿಕ್ಕಮ್ಮನ ಕ್ವಾರ್ಟರ್ಸಿಗೆ ಹೋದೆ. ಸಾಧಾರಣ ಎಲೆಯಲ್ಲಿ ಗುಳ್ಳೆ ಬಾರದಿದ್ದರೆ ನಾನು ಗೆದ್ದಂತೆ. ಬಾಲ್ಕನಿಯ ತುಳಸಿಗೆ ಕೈಹಾಕಿದ್ದೇ ತಡ, ಒಳಗಿನಿಂದ ಚಿಕ್ಕಮ್ಮ ಕೂಗಿದರು.

“ದ್ವಾದಶಿ ಕಣೇ ಇವತ್ತು, ತುಳಸಿ ಕೀಳ್ಬಾರ್ದು!”

“ಕೀಳಲ್ಲ ಚಿಕ್ಕಮ್ಮ. ನೇಲ್ ಪಾಲಿಶ್ ಹಚ್ತೀನಿ, ಅಷ್ಟೇ.”

ಚಿಕ್ಕಮ್ಮ ಸೌಟು ಹಿಡಿದೇ ಬಂದು ನೋಡಿದರು. “ಹಚ್ಚು, ಹಚ್ಚು. ಅವಳಿಗೂ ಯಾರು ಹಚ್ತಾರೆ, ಪಾಪ!”

ಅವರ ಪುಟ್ಟ ಮಗಳು “ರೆಡ್ ವಾಲಾ ಲಗಾವೋ ನಾ!” ಎಂದು ಕೆಂಪು ಬಣ್ಣಕ್ಕೇ ಹಟ ಹಿಡಿದಳು. ನಗುವಿನಲ್ಲಿ ಬ್ರಷ್ ಜಾರಿ, ಎರಡು ಎಲೆ ಹೆಚ್ಚಿಗೆ ಬಳಿಯಬೇಕಾಯಿತು.

ಸೋಮವಾರ ಎರಡೂ ಅಚ್ಚುಗಳನ್ನು ಪಕ್ಕಪಕ್ಕ ಇಟ್ಟೆ. ತುಳಸಿಯ ರಂಧ್ರಗಳು ಮರ್ಯಾದೆಯಿಂದ ದೂರ ದೂರ ಕೂತಿದ್ದವು. ನನ್ನ ಗಿಡದವು ಬೆಳಗಿನ ಬಸ್ಸಿನ ಬಾಗಿಲಲ್ಲಿ ನೇತಾಡುವವರಂತೆ ಒತ್ತಿಕೊಂಡಿದ್ದವು. ಗೈಡ್ ಬಹಳ ಹೊತ್ತು ನೋಡಿ “ಅಚ್ಛಾ” ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ತಟ್ಟನೆ ಅವರು ಎದ್ದರು. “ಇಷ್ಟೊಂದು ರಂಧ್ರ ಇದ್ರೆ ನೀರೆಲ್ಲ ಆರಿಹೋಗುತ್ತೆ. ಚಲೋ, ಚಲೋ!”

ಓಡಿದೆವು. ಟ್ರೇಯ ಉಳಿದ ಗಿಡಗಳೆಲ್ಲ ನೆಟ್ಟಗಿದ್ದವು, ಅದೊಂದೇ ಜೋತುಬಿದ್ದಿತ್ತು. ಬೀಜ ಇನ್ನೂ ಕಟ್ಟಿರಲಿಲ್ಲ, ಸತ್ತರೆ ಅಲ್ಲಿಗೇ ಮುಗಿಯಿತು. ನೀರುಣಿಸಿ, ಪ್ಲಾಸ್ಟಿಕ್ ಚೀಲ ಮುಚ್ಚಿ, ಇಬ್ಬರೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆವು. ಮಧ್ಯಾಹ್ನದ ಹೊತ್ತಿಗೆ ಒಂದು ಎಲೆ ಮೆಲ್ಲಗೆ ಮೇಲೆದ್ದಿತು.

ಗೈಡ್ ಬಾಗಿಲಿಗೆ ಹೋಗಿ ಪಕ್ಕದ ಲ್ಯಾಬಿನವರನ್ನೆಲ್ಲ ಕೂಗಿದರು: “ಬನ್ನಿ, ಇವಳ ಗಿಡ ನೋಡಿ ಬನ್ನಿ!”