ಮರಾಠಿ ಎತ್ತು

ಎಪ್ಪತ್ತರ ದಶಕದಲ್ಲಿ ನಾನು ಮೊರಬದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಅಂದರೆ ಡಾಕ್ಟರಲ್ಲ, ಸೂಜಿ ಹಾಕುವವನು. ಒಂದು ಮಧ್ಯಾಹ್ನ ಬಿಸಿಲಲ್ಲಿ ಸುಸ್ತಾಗಿ, ಎತ್ತು ನೋಡಲು ಕರೆದಿದ್ದ ನಿಂಗಪ್ಪಕಾಕಾನ ಹೊಲ ಮುಟ್ಟಿದೆ. ಕಾಕಾನಿಗೆ ಎಪ್ಪತ್ತು ದಾಟಿತ್ತು. ಬಿತ್ತುವ ಹದ ಆರುತ್ತಿತ್ತು, ಮಹಾರಾಷ್ಟ್ರದ ಮಿರಜ ಕಡೆಯಿಂದ ಈಚೆಗೆ ತಂದ ಎತ್ತು ಮಾತ್ರ ಹೆಜ್ಜೆ ಕೀಳುತ್ತಿರಲಿಲ್ಲ.

"ಕಿವುಡ ಐತೇನ್ರಿ ಇದು?" ಕಾಕಾ ಕೇಳಿದ.

ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಎತ್ತು ಕಿವಿ ಹೊರಳಿಸಿತು.

"ಕಿವಿ ಬರೋಬರಿ ಅದಾವ ಕಾಕಾ. ಇದಕ್ಕ ಮರಾಠಿ ಅಷ್ಟ ತಿಳೀತೈತಿ. ಎಳೇ ಹೋರಿ ಆಗಿದ್ರ ನಮ್ಮ ಮಾತು ಕಲೀತಿತ್ತು, ವಯಸ್ಸಾಗೇತಿ ನೋಡ್ರಿ."

"ಹಂಗಾರ ನಾನ ಕಲೀತೀನಿ, ಹೇಳ್ರಿ."

ಬೆಳಗಾವಿಯಲ್ಲಿದ್ದಾಗ ಕಲಿತ ನಾಲ್ಕು ಮರಾಠಿ ಮಾತು ಹೇಳಿಕೊಟ್ಟೆ. ಕಾಕಾ ತೊದಲುತ್ತ, ನಗುತ್ತ ಮತ್ತೆ ಮತ್ತೆ ಅಂದ. ಕೊನೆಗೆ ಎತ್ತು ನಡೆಯಿತು, ಬಿತ್ತನೆ ಶುರುವಾಯಿತು.

ನಾನು ಬಡ್ತಿಗೆ ಇಂಗ್ಲಿಷ್ ಪರೀಕ್ಷೆ ಬರೆಯಬೇಕಿತ್ತು. ನಲವತ್ತಾಯಿತು, ಇನ್ನು ತಲೆಗೆ ಹತ್ತುವುದಿಲ್ಲ ಎಂದು ಹಿಂದಿನ ದಿನವಷ್ಟೇ ದವಾಖಾನೆಯ ಡಾಕ್ಟರ್ ಸಾಹೇಬರಿಗೆ ಹೇಳಿದ್ದೆ. ಅವರು ಈ ಹೊಲದ ಕಡೆ ಬರದಿದ್ದರೆ ಸಾಕು ಎಂದುಕೊಂಡೆ.