ಪಪ್ಪನಿಗೆ ಹೇಳಬಾರದ ಮಾತು

ಬೆಳಿಗ್ಗೆ ಎದ್ದು ಬಾಗಿಲ ಮುಂದೆ ನೀರು ಚಿಮುಕಿಸಿ ಅಂಗೈಯಗಲದ ರಂಗೋಲಿ ಇಡುವುದು ನನ್ನ ದಿನದ ಮೊದಲ ಕೆಲಸ. ಕುಂದಲಹಳ್ಳಿಯ ಈ ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿ ಅದಕ್ಕಿಂತ ದೊಡ್ಡದಕ್ಕೆ ಜಾಗವಿಲ್ಲ. ಇಟ್ಟರೂ ನೀರಿನ ಕ್ಯಾನ್ ತರುವವನ ಚಪ್ಪಲಿಗೆ ಅಂಟಿಕೊಂಡು ಕೆಳಗಿಳಿದು ಹೋಗುತ್ತದೆ. ನಾನು ಪುಡಿಯ ಡಬ್ಬಿ ತೆರೆಯುವ ಹೊತ್ತಿಗೆ ಎದುರು ಮನೆಯ ಹುಡುಗಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ಚುಕ್ಕಿ ಇಡುವುದು ಅವಳ ಪಾಲು, ಗೆರೆ ಎಳೆಯುವುದು ನನ್ನ ಪಾಲು. ಏಳು ವರ್ಷದವಳು, ಮುಂದಿನ ಹಲ್ಲು ಬಿದ್ದು ಇನ್ನೂ ಬಂದಿಲ್ಲ.

ಆ ಶನಿವಾರ ಅವಳು ಕೂರಲಿಲ್ಲ. ಬಿಳಿ ಲೇಸು ಹೊಲಿದ ತಿಳಿಗುಲಾಬಿ ಫ್ರಾಕು ಹಾಕಿಕೊಂಡು, ಇಸ್ತ್ರಿ ಮುದುಡೀತೆಂದು ನಿಂತೇ ಇದ್ದಳು.

"ಏನಮ್ಮಾ, ಇಷ್ಟು ಬೆಳಿಗ್ಗೆನೇ ಯಾರ ಮದುವೆ?"

"ಮದುವೆ ಅಲ್ಲ ಆಂಟಿ. ದಾದಿ ಐಸ್‌ಕ್ರೀಮ್ ಕೊಡಿಸ್ತಾರೆ. ಮೊದ್ಲು ಯಾರೋ ಒಬ್ರ ಮನೆಗೆ ಹೋಗ್ಬೇಕಂತೆ, ಆಮೇಲೆ ಐಸ್‌ಕ್ರೀಮು." ದಾದಿ ಅಂದರೆ ವಾರದ ಹಿಂದೆ ಊರಿಂದ ಬಂದಿದ್ದ ಅವಳ ಅಜ್ಜಿ, ಅಪ್ಪನ ತಾಯಿ. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, ಇಡೀ ಮೆಟ್ಟಿಲಿಗೆ ಕೇಳುವಂತೆ ಪಿಸುಗುಟ್ಟಿದಳು: "ಪಪ್ಪಂಗೆ ಹೇಳ್ಬಾರ್ದು. ಮಮ್ಮಿಗೂ."

ಅವಳ ಮಮ್ಮಿ ಹಿಂದೆಯೇ ಇದ್ದಳು. ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರದ ಕೆಲಸ ಅವಳಿಗೆ. ಆಫೀಸಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿನ ಪಟ್ಟಿ ಬಿಗಿದಿತ್ತು, ಇನ್ನೊಂದು ಹಾಗೇ ಉಳಿಯಿತು. ಅವಳು ಮಗಳ ಕೈ ಹಿಡಿದು ನೇರ ನನ್ನ ಅಡುಗೆಮನೆಗೆ ಬಂದಳು.

"ಅಕ್ಕ, ಇವಳನ್ನ ಸ್ವಲ್ಪ ಕೆಳಗೆ ಬಿಡ್ತೀರಾ? ಮೇಲೆ ಬರ್ದೇ ಇದ್ರೆ ಸಾಕು."

ಕೆಳಗೆ ಮನೆ ಓನರಮ್ಮ ಕಾಂಪೌಂಡಿನ ಪಕ್ಕದ ಮಣ್ಣಿನಲ್ಲಿ ಸೊಪ್ಪಿನ ಮಡಿಗೆ ನೀರು ಬಿಡುತ್ತಿದ್ದರು. ಊರಿನ ಹಳೆಯ ರೈತರ ಮನೆಯವರು. ಹೊಲವಿದ್ದ ಜಾಗದಲ್ಲಿ ಕಟ್ಟಡ ಬಂದರೂ ಆ ನಾಲ್ಕು ಮಡಿಯನ್ನು ಬಿಟ್ಟುಕೊಟ್ಟಿಲ್ಲ. ಹುಡುಗಿಯನ್ನು ಅವರಿಗೆ ಒಪ್ಪಿಸಿ ಬಂದೆ. ಅವಳ ಮಮ್ಮಿ ಅಡುಗೆಮನೆಯಲ್ಲಿ ಇನ್ನೂ ನಿಂತೇ ಇದ್ದಳು. ನಾನು ಕುಕ್ಕರ್ ಆರಿಸಿದೆ.

"ನಂಗೂ ಏಳು ವರ್ಷಕ್ಕೇ ಆಗಿದ್ದು," ಅಂದಳು. "ನಂಗೆ ಬಳೆ ಕೊಡಿಸ್ತೀನಿ ಅಂದಿದ್ರು."

ಅವಳ ತವರು ಪೀಣ್ಯದಲ್ಲಿ, ತಂದೆಗೆ ಹಾರ್ಡ್‌ವೇರ್ ಅಂಗಡಿ. ಕನ್ನಡ ನಮ್ಮಂತೆಯೇ ಮಾತಾಡುತ್ತಾಳೆ. ಅವರದು ಸಣ್ಣ ಸಮುದಾಯ. ಹೆಸರು ಬರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಇದು ನಿಲ್ಲಲಿ ಎಂದು ಗಟ್ಟಿಯಾಗಿ ಹೇಳುತ್ತಿರುವ ಹೆಂಗಸರು ಅದರೊಳಗೇ ಇದ್ದಾರೆ ಅಂತ ಅವಳೇ ಹೇಳಿದಳು. ಹೆಣ್ಣುಮಗುವಿನ ಜನನಾಂಗದ ಒಂದು ಚೂರನ್ನು ಕತ್ತರಿಸುವ ಪದ್ಧತಿ. ಯಾರದೋ ಮನೆಯ ಹಿಂದಿನ ಕೋಣೆ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ಕು, ಕೈಕಾಲು ಹಿಡಿದುಕೊಂಡ ಸ್ವಂತ ಚಿಕ್ಕಮ್ಮ. ಎಷ್ಟೋ ದಿನ ಮೂತ್ರಕ್ಕೆ ಹೋಗಲು ಹೆದರಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳಂತೆ.

"ಮದುವೆ ಆದ್ಮೇಲೂ ಅಷ್ಟೇ ಅಕ್ಕ. ಅವರು ಹತ್ರ ಬಂದ್ರೆ ಮೈಯೆಲ್ಲಾ ಆ ಕೋಣೆಗೆ ಹೋಗ್ಬಿಡೋದು. ಪಾಪ, ನಂಗೆ ಅವರಂದ್ರೆ ಇಷ್ಟ ಇಲ್ಲ ಅಂತಾನೇ ಅಂದ್ಕೊಂಡಿದ್ರು. ಹೆರಿಗೆ ಟೈಮಲ್ಲಿ ಡಾಕ್ಟರ್ ನೋಡಿ, 'ಇದೇನಮ್ಮಾ, ಏನಾಗಿತ್ತು?' ಅಂದ್ರು. ಏನಿಲ್ಲ ಅಂದೆ, ಆದ್ರೂ ಅವರಿಗೆ ಗೊತ್ತಾಗ್ಬಿಟ್ಟಿತ್ತು. ಇದ್ರಿಂದ ಒಂಚೂರೂ ಉಪಯೋಗ ಇಲ್ಲ, ಬರೀ ಹಾನಿ ಅಂತ ಅವರೇ ಹೇಳಿದ್ರು."

"ಅಜ್ಜಿ ಹೀಗೆ ಮಾಡ್ತಾರೆ ಅಂತ ಗೊತ್ತಿರ್ಲಿಲ್ವಾ?"

"ಊರಿಗೆ ಕರ್ಕೊಂಡ್ಹೋಗಿ ಮಾಡಿಸ್ತಾರೆ ಅಂತ ಭಯ ಇತ್ತು. ಅದಕ್ಕೇ ಈ ಸಲ ರಜಕ್ಕೆ ಕಳಿಸ್ಲಿಲ್ಲ. ನೀವೇ ಇಲ್ಲಿಗೆ ಬನ್ನಿ ಅಂತ ನಾನೇ ಟಿಕೆಟ್ ಮಾಡಿಸ್ದೆ." ಅವಳು ನಕ್ಕಳು. ಅಂಥ ನಗುವನ್ನು ಮತ್ತೆ ನೋಡುವುದು ಬೇಡ ನನಗೆ. "ಕಾಯ್ಬೇಕಾದ ಬಾಗಿಲು ಬಿಟ್ಟು ಇನ್ನೊಂದ್ ಬಾಗ್ಲು ಕಾಯ್ತಾ ಕೂತಿದ್ದೆ."

"ನಿನ್ನ ಯಜಮಾನರಿಗೆ ಗೊತ್ತಾ?"

"ಗಂಡಸರಿಗೆ ಹೇಳ್ಬಾರ್ದು ಅಕ್ಕ. ಹೆಂಗಸರ ವಿಷಯ, ಹೆಂಗಸರಲ್ಲೇ ಮುಗೀಬೇಕು. ಅವತ್ತು ನಮ್ಮಮ್ಮ ನಂಗೆ ಹೇಳಿದ್ದೂ ಅದೇ, ಪಪ್ಪಂಗೆ ಹೇಳ್ಬೇಡ ಅಂತ."

ಮಗಳ ಬಾಯಲ್ಲಿ ಅದೇ ಮಾತನ್ನು ಆಗಷ್ಟೇ ಕೇಳಿದ್ದೆವು ಇಬ್ಬರೂ. ಅವಳು ಗಂಡನಿಗೆ ಹೇಳಲು ಫೋನು ತೆಗೆದಳು. ನಾನು ಬಾಲ್ಕನಿಗೆ ಹೋಗಿ, ಒಣಗದ ಬಟ್ಟೆಗಳ ಕ್ಲಿಪ್ಪು ತೆಗೆದು ಮತ್ತೆ ಅಲ್ಲೇ ಹಾಕುತ್ತ ನಿಂತೆ.

ಗೇಟಿನ ಬಳಿ ಆಟೋ ಬಂದು ಹಾರ್ನ್ ಮಾಡಿತು. ಅಜ್ಜಿ ಕೈಚೀಲ ಹಿಡಿದು ನನ್ನ ಬಾಗಿಲಿಗೆ ಬಂದು, ಹುಡುಗಿ ಎಲ್ಲಿ ಅಂತ ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಅಡುಗೆಮನೆಯಿಂದ ಬಂದಳು.

"ಅವಳು ಬರಲ್ಲ, ಅಮ್ಮಾ."

ಅಜ್ಜಿ ಸೊಸೆಯನ್ನು ಬಿಟ್ಟು ನನ್ನನ್ನೇ ನೋಡಿದರು. ನಿತ್ಯ ನನಗೆ ಬಟ್ಟಲಲ್ಲಿ ಶ್ಯಾವಿಗೆ ಕಳಿಸುತ್ತಿದ್ದವರು. ಹೊರಗಿನವಳಿಗೆ ಗೊತ್ತಾಗಿಹೋಯಿತಲ್ಲ ಎಂಬ ಅವಮಾನ ಆ ಮುಖದಲ್ಲಿತ್ತು. "ನನಗೂ ಆಗಿದೆ, ನನ್ನ ತಾಯಿಗೂ ಆಗಿದೆ, ಸತ್ತುಹೋದೆವಾ?" ಅಂದರು. ಈಗ ಡಾಕ್ಟರಮ್ಮನೇ ಮಾಡುತ್ತಾರೆ, ನೋವೂ ಆಗುವುದಿಲ್ಲ ಅಂತಲೂ ಸೇರಿಸಿದರು. ಕೈಗವಸು ಹಾಕಿಕೊಂಡು ಮಾಡಿದ ಮಾತ್ರಕ್ಕೆ ಸರಿಯಾಗುತ್ತದೆಯೇ ಅಂತ ಕೇಳಬೇಕೆನಿಸಿತು; ನನ್ನ ಹಿಂದಿ ಅಷ್ಟು ದೂರ ಹೋಗುವುದಿಲ್ಲ.

ಅಜ್ಜಿಯ ಮಗ, ಹುಡುಗಿಯ ಪಪ್ಪ, ಮಧ್ಯಾಹ್ನದೊಳಗೆ ಬಂದ. ಹೆಲ್ಮೆಟ್ ತೆಗೆಯುವುದನ್ನೂ ಮರೆತು ಮನೆಯೊಳಗೆ ಹೋಗಿದ್ದ. ಬಹಳ ಹೊತ್ತು ಅವನ ದನಿಯೊಂದೇ ಕೇಳಿಸಿತು. ಹೊರಗೆ ಬಂದವನು ನಮ್ಮಿಬ್ಬರ ಬಾಗಿಲ ನಡುವಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ನೀರು ಕೊಟ್ಟೆ.

"ನಂಗೆ ಗೊತ್ತೇ ಇರ್ಲಿಲ್ಲ ಅಕ್ಕ," ಅಂದ. "ನನ್ನ ತಂಗೀಗೂ ಆಗಿದ್ಯಂತೆ. ಅವತ್ತು ನಾನು ನಂಗ್ಯಾಕೆ ಐಸ್‌ಕ್ರೀಮ್ ಇಲ್ಲ ಅಂತ ಅತ್ತಿದ್ದೆ." ಲೋಟ ಕೆಳಗಿಟ್ಟು, "ಇವಳನ್ನ ಯಾರೂ ಮುಟ್ಟಲ್ಲ. ಅಮ್ಮಂಗೆ ಹೇಳಿದೀನಿ, ನಾನು ಬದುಕಿರೋವರೆಗೂ ಇಲ್ಲ."

ಊಟದ ನಂತರ ನನಗೆ ಮಲಗಲಾಗಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಜೀವಶಾಸ್ತ್ರದ ಒಂದು ಪಾಠ ಬಂದಾಗ ಸಿಸ್ಟರ್ ಪುಸ್ತಕ ಮುಚ್ಚಿ, ಇದನ್ನು ಮನೆಯಲ್ಲಿ ಓದಿಕೊಳ್ಳಿ ಅನ್ನುತ್ತಿದ್ದರು. ಮನೆಯಲ್ಲಿ ಅಮ್ಮ, ಸ್ಕೂಲಲ್ಲಿ ಹೇಳಿಕೊಡ್ತಾರೆ ಅನ್ನುತ್ತಿದ್ದಳು. ಹಾಗಾಗಿ ನನ್ನದೇ ಮೈಯ ಆ ಭಾಗಕ್ಕೆ ಬೈಗುಳವಲ್ಲದ ಒಂದು ಪದವೂ ನನ್ನ ಬಾಯಲ್ಲಿಲ್ಲ. ಬೆಳಿಗ್ಗೆ ಅವಳೂ "ಅಲ್ಲಿ" ಅಂದಳು, ನಾನೂ "ಅಲ್ಲಿ" ಅಂದೆ. ಹೆಸರಿಲ್ಲದ ಜಾಗಕ್ಕೆ ಏನು ಮಾಡಿದರೂ ಕೇಳುವವರಿಲ್ಲ. ನನಗೆ ಯಾರೂ ಬ್ಲೇಡು ತೋರಿಸಿಲ್ಲ, ನಿಜ. ಅವಳ ನೋವನ್ನು ನನ್ನ ಸಂಕೋಚದ ಪಕ್ಕದಲ್ಲಿಟ್ಟು ತೂಗಲಾರೆ. ಆದರೆ ಬೇಡ ಅನ್ನಲು ಬಾರದ ವಯಸ್ಸಿನ ಮಗುವಿನ ಮೈ ಯಾರದು ಅಂತ ಕೇಳಿದರೆ, ಆ ಮಗುವಿನದೇ ಅಂತ ಹೇಳಲು ಯಾವ ಪಾಠವೂ ಬೇಕಿಲ್ಲ. ಅದು ಅವಳ ಹಕ್ಕು, ಅಜ್ಜಿಯ ಪ್ರೀತಿಗಿಂತ ದೊಡ್ಡದು.

ಪ್ರೀತಿ ಇರಲಿಲ್ಲವೆಂದೂ ಅನ್ನಲಾರೆ. ಆ ಲೇಸನ್ನು ಅಜ್ಜಿಯೇ ಕೂತು ಹೊಲಿದಿದ್ದರು. ವಾರವಿಡೀ ಬಾಗಿಲಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡಲು ನನ್ನನ್ನೇ ಕರೆಯುತ್ತಿದ್ದರು.

ಸಂಜೆ ಹಾಲು ತರಲು ಕೆಳಗಿಳಿದೆ. ಅಪ್ಪ ಮೆಟ್ಟಿಲ ಕೊನೆಯಲ್ಲಿ ಕೂತು ಮಗಳನ್ನೇ ನೋಡುತ್ತಿದ್ದ. ಅಜ್ಜಿ ಮೇಲೆ ಕಿಟಕಿಯಲ್ಲಿದ್ದರು. ಮಡಿಲಲ್ಲಿ ಬಟಾಣಿ ತಟ್ಟೆ, ಕೈ ಮಾತ್ರ ಆಡುತ್ತಿರಲಿಲ್ಲ. ಹುಡುಗಿ ಸೊಪ್ಪಿನ ಮಡಿಯ ನಡುವೆ ಕೂತು ಕೆಸರಿನಲ್ಲಿ ಚುಕ್ಕಿ ಒತ್ತುತ್ತಿದ್ದಳು. ಓನರಮ್ಮ ಪೈಪು ಸುತ್ತಿಡುತ್ತ ನನಗೆ ಹೇಳಿದರು:

"ನೋಡವ್ವ, ಒಸಾ ಫ್ರಾಕು ಆಕ್ಕಂಡು ಎಲ್ಲಿಗೋ ಒಂಟಿತ್ತು ಮಗ. ಎಲ್ಲಿಗೂ ಓಗ್ನಿಲ್ಲ, ಏನಿಲ್ಲ. ಅಂಗೇ ಕೆಸ್ರಲ್ಲಿ ಕುಂತೈತೆ. ಅಷ್ಟ್ ಚೆಂದದ ಲೇಸು ಸುಮ್ಕೆ ಆಳಾಯ್ತು."